ಕೆರೆಯಲ್ಲಿ ಬಿಳಿಗಣ್ಣಿನ ಬಾತು

ಘೋಣಸಗಿ
8 ಡಿಸೆಂಬರ್ 2024

ಪೂಜ್ಯ ಅರುಣಕುಮಾರ ಸರ್ ಅವರಿಗೆ,

ಆಮ್ರಪಾಲಿಯ ನಮಸ್ಕಾರಗಳು. ನನ್ನ ನೆನಪು ನಿಮಗಿದೆಯೋ ಇಲ್ಲವೋ. ಹನ್ನೆರಡು ವರ್ಷಗಳ ಹಿಂದೆ ವಿಜಯಪುರದಲ್ಲಿ ನಿಮ್ಮ ಪ್ರಾಣಿಶಾಸ್ತ್ರದ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ, ಘೋಣಸಗಿಯ ಮರೆಪ್ಪನ ಮಗಳು. ಈಗ ಊರಲ್ಲೇ ಪಂಚಾಯತಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದೇನೆ.

ನಿಮಗೆ ಎರಡು ಸಲ ಫೋನ್ ಮಾಡಿದೆ. ಎರಡೂ ಸಲ ನಂದಾ ಅಮ್ಮನವರು ಎತ್ತಿದರು. "ಸರ್ ಫೋನಿನ್ಯಾಗ ಮಾತಾಡಂಗಿಲ್ಲವಾ, ಅದರಾಗಿನ ಪಟಾನೂ ನೋಡಂಗಿಲ್ಲ. ಏನಿದ್ರೂ ಪತ್ರ ಬರಿ ಅಂದಾರ" ಅಂದರು. ಹಾಗಾಗಿ ಪೋಸ್ಟ್ ಆಫೀಸಿಗೆ ಹೋಗಿ ಲಕೋಟೆ ತಂದೆ. ಎಷ್ಟು ವರ್ಷವಾಗಿತ್ತೋ ಲಕೋಟೆ ಕೊಂಡು.

ವಿಷಯ ಒಂದು ಬಾತುಕೋಳಿಯದು. ನಮ್ಮೂರ ಕೆರೆ ಮೊದಲೆಲ್ಲ ಸಂಕ್ರಮಣದ ಹೊತ್ತಿಗೆ ತಳ ಕಾಣುತ್ತಿತ್ತು. ಈಗ ಕೃಷ್ಣೆಯ ನೀರು ತಂದು ತುಂಬಿಸುತ್ತಾರೆ. ನಡುವೆ ಎರಡಾಳು ಆಳವಿದೆ. ನೀರು ನಿಂತ ಮೇಲೆ ಇಸ್ಮಾಯಿಲ ಭಾಯಿ ಎಂಬುವರು ಮೀನು ಹಿಡಿಯುವ ಗುತ್ತಿಗೆ ತೆಗೆದುಕೊಂಡಿದ್ದಾರೆ. ಹಿಂದೆ ಕಾಣದ ಹಕ್ಕಿಗಳೂ ಬರತೊಡಗಿವೆ.

ಒಂದು ವಾರದಿಂದ ಕೆರೆಯ ನಡುವೆ ಏಳು ಬಾತುಗಳಿವೆ. ಉಳಿದ ಬಾತುಗಳಂತೆ ಬಾಲ ಮೇಲೆತ್ತಿ ತಲೆಯನ್ನಷ್ಟೇ ಅದ್ದುವುದಿಲ್ಲ, ಪೂರ್ತಿ ಮುಳುಗುತ್ತವೆ. ಎಣಿಸಿದೆ, ಒಂದು ಸಲ ಹದಿನೆಂಟು ಎಣಿಸುವವರೆಗೂ ಮೇಲೆ ಬರಲಿಲ್ಲ. ನೀರಿನಲ್ಲಿ ತಗ್ಗಾಗಿ ಕೂರುತ್ತವೆ. ಗ್ರಂಥಾಲಯ ತೆರೆಯುವ ಮುಂಚೆ, ನಸುಕಿನಲ್ಲಿ ಏರಿಯ ಮೇಲೆ ನಿಂತು ನೋಡುತ್ತೇನೆ. ಅವುಗಳಲ್ಲಿ ಒಂದರ ತಲೆ ಕಪ್ಪು, ಕಣ್ಣು ಬಿಳಿ, ಬಾಲದ ಅಡಿಯೂ ಬಿಳಿ. ಇದು ಯಾವ ಬಾತು? ನೀವೊಮ್ಮೆ ಹೆಸರು ಹೇಳಿದರೆ ನನಗೆ ನೆಮ್ಮದಿ.

ನಿಮ್ಮ ವಿದ್ಯಾರ್ಥಿನಿ,
ಆಮ್ರಪಾಲಿ


ಜಲನಗರ, ವಿಜಯಪುರ
14 ಡಿಸೆಂಬರ್ 2024

ಚಿ. ಆಮ್ರಪಾಲಿಗೆ ಆಶೀರ್ವಾದಗಳು.

ನೆನಪಿಲ್ಲದೆ ಏನು? ಮಳೆಯಲ್ಲಿ ಎಲ್ಲರೂ ಬಸ್ಸಿಗೆ ಓಡಿದಾಗ ಬೆಳ್ಳಕ್ಕಿಯ ಗೂಡು ಎಣಿಸುವುದು ಮುಗಿದಿಲ್ಲ ಎಂದು ಮರದ ಕೆಳಗೇ ನಿಂತವಳು ನೀನು. ನಿನ್ನಿಂದ ನಾನೂ ನೆನೆಯಬೇಕಾಯಿತು.

ಫೋನಿನ ಪಟ ನೋಡಿ ಹೆಸರು ಹೇಳುವುದು ಯಾರಿಗೂ ಆಗುವ ಕೆಲಸ. ಕಂಡದ್ದನ್ನು ಮಾತಿನಲ್ಲಿ ಬರೆಯುವುದೇ ಅಭ್ಯಾಸ. ಆದ್ದರಿಂದ ಬರೆ. ನನ್ನ ಪ್ರಶ್ನೆಗಳು: ತಲೆಯ ಕಪ್ಪಿನಲ್ಲಿ ಹಸಿರು ಮಿಂಚುತ್ತದೆಯೇ? ಎದೆ ಯಾವ ಬಣ್ಣ? ನೆತ್ತಿಯಲ್ಲಿ ಜುಟ್ಟಿದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಕೆಯಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ ಬಿಳಿ ಇದೆಯೇ? ಅವಸರ ಬೇಡ. ಕಂಡದ್ದು ಮಾತ್ರ ಬರೆ, ಕಂಡಿರಬೇಕು ಎನಿಸಿದ್ದು ಬೇಡ.

ನಿನ್ನ ಪತ್ರದಿಂದ ಮನೆಯಲ್ಲಿ ಎರಡು ದಿನ ಬಾತಿನ ಮಾತೇ ನಡೆಯಿತು. ಬೇಗ ಬರೆ.

ಇಂತಿ,
ಅರುಣಕುಮಾರ


ಘೋಣಸಗಿ
20 ಡಿಸೆಂಬರ್ 2024

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ನಾಲ್ಕು ದಿನ ನಸುಕಿನಲ್ಲೇ ಹೋದೆ. ಅವ್ವ ಬೈದಳು. "ನೀರಿಗೆ ಹೋಗೋ ಹೆಣ್ಮಕ್ಕಳು ಕೊಡ ತಗೊಂಡು ಹೋಗತಾರ, ನೀ ಬರಿಯೋ ವಹಿ ತಗೊಂಡು ಹೊಂಟಿ" ಎಂದು.

ತಲೆ ಕಪ್ಪು. ಹಸಿರು ಮಿಂಚಿದಂತೆ ಒಂದು ಸಲ ಕಂಡಿತು, ಖಚಿತವಿಲ್ಲ. ಜುಟ್ಟಿಲ್ಲ, ಆದರೆ ನೆತ್ತಿ ಎತ್ತರ. ಎದೆ ಗಾಢ ಕಂದು. ಪಕ್ಕೆಯಲ್ಲಿ ಬಿಳಿ ಇದೆ. ಮಂಗಳವಾರ ಬೆಳಿಗ್ಗೆ ಚೆನ್ನಾಗಿ ನೋಡಿದೆ, ನೀರಿನ ಮೇಲೆ ಒಂದು ಗೇಣಿನಷ್ಟು ಬಿಳಿ.

ನೀವು ಬೇಡವೆಂದರೂ ಒಂದು ಪಟ ತೆಗೆದು ತಿಕೋಟಾದ ಸ್ಟುಡಿಯೋದಲ್ಲಿ ಅಚ್ಚು ಹಾಕಿಸಿ ಇಟ್ಟಿದ್ದೇನೆ. ದೂರದ್ದು, ಅಷ್ಟು ಚೆನ್ನಾಗಿ ಬಂದಿಲ್ಲ. ನಿಮ್ಮ ಕಣ್ಣಿಗೆ ಅಷ್ಟೇ ಸಾಕು ಎಂದು ಕಳಿಸುತ್ತಿದ್ದೇನೆ.

ಸರ್, ನಿಮ್ಮ ಅಕ್ಷರ ಬದಲಾಗಿದೆ. ಹಲಗೆಯ ಮೇಲೆ ನೀವು ಬಲಕ್ಕೆ ವಾಲಿಸಿ ಚೂಪಾಗಿ ಬರೆಯುತ್ತಿದ್ದಿರಿ. ಈಗ ದುಂಡಗಾಗಿದೆ. ಓದಲು ಸುಲಭವಾಗಿದೆ, ದೂರೇನಲ್ಲ.

ನಿಮ್ಮ,
ಆಮ್ರಪಾಲಿ


ಜಲನಗರ
27 ಡಿಸೆಂಬರ್ 2024

ಚಿ. ಆಮ್ರಪಾಲಿ,

ಕುಳಿತುಕೊಂಡು ಓದು. ನಿನ್ನೂರ ಕೆರೆಗೆ ಬಂದಿರುವುದು ಬೇರ್ಸ್ ಪೋಚಾರ್ಡ್ ಎಂಬ ಮುಳುಗುಬಾತು. ಇಡೀ ಜಗತ್ತಿನಲ್ಲಿ ಬಹಳ ಕಡಿಮೆ ಉಳಿದಿರುವ ಹಕ್ಕಿ. ಚೀನಾ, ರಷ್ಯಾದ ಕಡೆಯದು. ನಮ್ಮ ದೇಶದ ಈಶಾನ್ಯದಲ್ಲಿ ಆಗೊಮ್ಮೆ ಈಗೊಮ್ಮೆ ಕಾಣುತ್ತದೆಯಂತೆ, ಇತ್ತ ಕಡೆ ಬಂದದ್ದನ್ನು ನಾನು ಕೇಳಿಲ್ಲ. ಕಪ್ಪು ತಲೆ, ಬಿಳಿ ಕಣ್ಣು, ಕಂದು ಎದೆ, ನೀರಿನ ಮೇಲೆ ಕಾಣುವ ಬಿಳಿ ಪಕ್ಕೆ. ಬೇರೆ ಯಾವುದೂ ಆಗಲಾರದು. ಇದರ ಹತ್ತಿರದ ನೆಂಟ ಫೆರುಜಿನಸ್ ಪೋಚಾರ್ಡ್ ಪ್ರತಿ ಚಳಿಗಾಲ ನಮ್ಮ ಸೀಮೆಗೆ ಬರುತ್ತದೆ, ಅದಕ್ಕೂ ಬಿಳಿ ಕಣ್ಣು, ಬಾಲದಡಿ ಬಿಳಿ. ಆದರೆ ಅದರ ತಲೆ ಕೆಂಗಂದು, ಪಕ್ಕೆಯೂ ಕೆಂಗಂದು. ನೀನು ಕಳಿಸಿದ ಪಟವನ್ನೂ ನೋಡಿದೆ. ತಲೆ ಕಪ್ಪೇ ಇದೆ.

ಇಲ್ಲಿನ ಪತ್ರಿಕೆಯೊಂದರಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗೆ ತಿಳಿಸಿದ್ದೇನೆ. ನಿನ್ನ ಹೆಸರನ್ನೂ ಹಾಕಲು ಹೇಳಿದ್ದೇನೆ. ಮೂವತ್ತೈದು ವರ್ಷ ಈ ಜಿಲ್ಲೆಯ ಕೆರೆಗಳನ್ನು ಸುತ್ತಿದೆ, ಆಮ್ರಪಾಲಿ. ಇಂಥದ್ದೊಂದು ಸಿಗಲಿಲ್ಲ. ನಿನ್ನಿಂದ ಸಿಕ್ಕಿತು.

ಅಕ್ಷರದ ಬಗ್ಗೆ ಬರೆದಿದ್ದೀ. ವಯಸ್ಸಾದ ಕೈ, ಇನ್ನೇನು.

ಇಂತಿ,
ಅರುಣಕುಮಾರ


ಘೋಣಸಗಿ
9 ಜನವರಿ 2025

ಪೂಜ್ಯ ಗುರುಗಳಿಗೆ,

ಪತ್ರಿಕೆಯಲ್ಲಿ ಬಂದ ದಿನದಿಂದ ಊರು ಊರಾಗಿ ಉಳಿದಿಲ್ಲ. ಅಪ್ಪ ಆ ತುಂಡನ್ನು ಕತ್ತರಿಸಿ ಬುದ್ಧನ ಪಟದ ಪಕ್ಕಕ್ಕೆ ಅಂಟಿಸಿದ್ದಾರೆ. ದ್ರಾಕ್ಷಿ ತೋಟದ ಕೆಲಸಕ್ಕೆ ಹೋದಲ್ಲೆಲ್ಲ "ನಮ್ಮ ಮಗಳು" ಎಂದೇ ಮಾತು ಶುರುಮಾಡುತ್ತಾರಂತೆ. ಬಬಲೇಶ್ವರ, ನಿಡೋಣಿಯಿಂದಲೂ ಮೋಟಾರ್ ಸೈಕಲ್ಲಿನಲ್ಲಿ ಜನ ಬರುತ್ತಿದ್ದಾರೆ. ಬಾತಿಗೆ ಕೈಮುಗಿದವರನ್ನೂ ಕಂಡೆ.

ಭಾನುವಾರ ಊರಿನ ಹಿರಿಯರು ಚಾವಡಿಯಲ್ಲಿ ಸೇರಿದ್ದರು. ನನ್ನನ್ನೂ ಕರೆದು, ಎಲ್ಲರ ಎದುರು ಕುರ್ಚಿ ಹಾಕಿ ಕೂರಿಸಿದರು. ಆ ಚಾವಡಿಯಲ್ಲಿ ನಮ್ಮ ಮನೆಯವರು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಹಿರಿಯರಾದ ಬಸಗೊಂಡಪ್ಪ ಗೌಡರು, "ಜಗತ್ತಿನ್ಯಾಗ ಇಲ್ಲದ ಹಕ್ಕಿ ನಮ್ಮ ಕೆರಿಗೆ ಬಂದೈತಿ. ಅದು ಹೋಗೂತನಾ ಯಾರೂ ನೀರಿಗೆ ಬಲೆ ಹಾಕಬಾರದು, ಹರಿಗೋಲು ಇಳಿಸಬಾರದು" ಎಂದು ಹೇಳಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಇಸ್ಮಾಯಿಲ ಭಾಯಿ ನನ್ನ ಕುರ್ಚಿಯ ಹತ್ತಿರ ಬಂದು ಏನೋ ಹೇಳಲು ನೋಡಿದರು. ಗದ್ದಲದಲ್ಲಿ ಕೇಳಲಿಲ್ಲ.

ನಿಮ್ಮಿಂದ ನನಗೆ ಈ ಗೌರವ ದೊರೆಯಿತು. ಒಮ್ಮೆ ಬಂದು ಹಕ್ಕಿಯನ್ನು ನಿಮ್ಮ ಕಣ್ಣಿನಿಂದಲೇ ನೋಡಿ ಹೋಗಿ ಸರ್. ತಿಕೋಟಾವರೆಗೆ ಬಸ್ಸಿದೆ, ಅಲ್ಲಿಂದ ಆಟೋ. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ಆಮ್ರಪಾಲಿ


ಜಲನಗರ
16 ಜನವರಿ 2025

ಚಿ. ಆಮ್ರಪಾಲಿ,

ಬರಬೇಕೆಂಬ ಆಸೆ ನಿನಗಿಂತ ನನಗೇ ಹೆಚ್ಚು. ಆದರೆ ಚಳಿ ಇದೆ, ಮೊಣಕಾಲು ನೋವಿದೆ, ನೋಡೋಣ. ನೀನು ನೋಡಿದರೆ ನಾನು ನೋಡಿದಂತೆಯೇ. ದಿನವೂ ಬರೆದಿಡು.

ಅರುಣಕುಮಾರ


ಘೋಣಸಗಿ
26 ಜನವರಿ 2025

ಪೂಜ್ಯ ಗುರುಗಳಿಗೆ,

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ.

ನಿನ್ನೆ ಶನಿವಾರ ಸಂಜೆ ಐದರ ಸುಮಾರಿಗೆ ಕೆರೆಗೆ ಹೋದೆ. ಇಷ್ಟು ದಿನ ನಾನು ಹೋಗುತ್ತಿದ್ದದ್ದು ಬೆಳಿಗ್ಗೆ. ನಮ್ಮ ಏರಿ ಪಡುವಣಕ್ಕಿದೆ. ಬೆಳಿಗ್ಗೆ ಅಲ್ಲಿ ನಿಂತರೆ ಸೂರ್ಯ ಎದುರಿಗೆ, ಹಕ್ಕಿಯ ಹಿಂದೆ ಇರುತ್ತಾನೆ. ಆಗ ಎಲ್ಲ ತಲೆಗಳೂ ಕಪ್ಪೇ. ನಿನ್ನೆ ಸೂರ್ಯ ನನ್ನ ಬೆನ್ನಿಗಿದ್ದ. ಬಾತು ಏರಿಯ ಹತ್ತಿರಕ್ಕೇ ಬಂದಿತ್ತು. ಅದರ ತಲೆ ಕಪ್ಪಲ್ಲ ಸರ್. ಕೆಂಪು ಬೆರೆತ ಕಂದು. ಕತ್ತು, ಎದೆ, ಪಕ್ಕೆ ಎಲ್ಲ ಅದೇ ಬಣ್ಣ.

ಪಕ್ಕೆಯ ಬಿಳಿಯೂ ಅರ್ಥವಾಯಿತು. ಹಕ್ಕಿ ನೀರಿನಲ್ಲೇ ಒಂದು ಮಗ್ಗುಲಿಗೆ ಉರುಳಿ, ಕೊಕ್ಕಿನಿಂದ ಹೊಟ್ಟೆಯ ಗರಿ ತಿದ್ದಿಕೊಳ್ಳುತ್ತಿತ್ತು. ಆಗ ಹೊಟ್ಟೆಯ ಬಿಳಿ ಮೇಲೆ ಬಂತು. ನೆಟ್ಟಗಾದ ಕೂಡಲೇ ಬಿಳಿ ಇಲ್ಲ. ಆ ಮಂಗಳವಾರ ನಾನು ನೋಡಿ "ಒಂದು ಗೇಣಿನಷ್ಟು" ಎಂದು ಬರೆದದ್ದು ಇದನ್ನೇ. ನೀವು ಕಂಡದ್ದು ಮಾತ್ರ ಬರೆ ಅಂದಿದ್ದಿರಿ. ಕಂಡದ್ದನ್ನೇ ಬರೆದೆ, ಆದರೆ ಹಕ್ಕಿ ಆಗ ಏನು ಮಾಡುತ್ತಿತ್ತು ಎಂಬುದನ್ನು ಬರೆಯಲಿಲ್ಲ.

ಇನ್ನೊಂದು ಮಾತನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ. ಡಿಸೆಂಬರ್ ಒಂದನೆಯ ತಾರೀಖು, ಈ ಬಾತುಗಳನ್ನು ನನಗೆ ಮೊದಲು ತೋರಿಸಿದವರೇ ಇಸ್ಮಾಯಿಲ ಭಾಯಿ. "ತಂಗಿ, ಇದರ ತಲಿ ಕೆಂಪ ಐತಿ. ಬಿಸಲಾಗ ನೋಡು. ಆಲಮಟ್ಟಿ ಹಿನ್ನೀರಿನ್ಯಾಗ ನಾ ಇವನ್ನ ಹಿಂಡಗಟ್ಟಲೆ ನೋಡೇನಿ, ಹೊಸಾವಲ್ಲ ಇವು" ಅಂದಿದ್ದರು. ಮೀನು ಹಿಡಿಯುವವರ ಮಾತನ್ನು ನಿಮಗೆ ಹೇಗೆ ಬರೆಯುವುದು, ನಗುತ್ತೀರಿ ಎಂದುಕೊಂಡೆ. ಚಾವಡಿಯಲ್ಲಿ ಅವರು ಹೇಳಬಂದದ್ದೂ ಅದೇ ಇರಬೇಕು.

ಅವರ ಬಲೆ ಮೂರು ವಾರದಿಂದ ಮನೆಯ ಮಾಡಿನ ಮೇಲೆ ಬಿದ್ದಿದೆ. ತಿಕೋಟಾ ಸಂತೆಯಲ್ಲಿ ಅವರ ಹೆಂಡತಿ ಅಬೇದಾ ಕೂರುತ್ತಿದ್ದ ಜಾಗದಲ್ಲಿ ಬೇರೆಯವರು ಕೂತಿದ್ದಾರೆ. ಇಸ್ಮಾಯಿಲ ಭಾಯಿ ಒಣದ್ರಾಕ್ಷಿ ಶೆಡ್ಡಿಗೆ ಕೂಲಿ ಹೋಗುತ್ತಿದ್ದಾರೆ. ದಾರಿಯಲ್ಲಿ ಸಿಕ್ಕರೆ ನನ್ನ ಕಡೆ ನೋಡುವುದಿಲ್ಲ.

ಇದು ಫೆರುಜಿನಸ್ ಅಲ್ಲವೇ ಸರ್? ನಾನು ಹೇಳಿದರೆ ಊರಿನವರು ಕೇಳುವುದಿಲ್ಲ. ಹೇಳಿಯೂ ನೋಡಿದೆ. "ನಿಮ್ಮ ಸರ್ ಹೇಳ್ಯಾರಲ್ಲ, ನೀ ಯಾಕ ನಡುವ ಬರತಿ" ಅಂದರು ಗೌಡರು. ನೀವು ಎರಡು ಸಾಲು ಬರೆದುಕೊಟ್ಟರೆ ಸಾಕು.

ಆಮ್ರಪಾಲಿ


ಘೋಣಸಗಿ
12 ಫೆಬ್ರುವರಿ 2025

ಅರುಣಕುಮಾರ ಸರ್ ಅವರಿಗೆ,

ಹದಿನೇಳು ದಿನವಾಯಿತು. ಉತ್ತರವಿಲ್ಲ. ಫೋನ್ ಮಾಡಿದರೆ ಅಮ್ಮನವರು "ಮಲಗ್ಯಾರ" ಅನ್ನುತ್ತಾರೆ.

ತಪ್ಪು ನನ್ನಿಂದ ಆಗಿದೆ, ಬಲ್ಲೆ. ಆದರೆ ಆ ಪಟ ನಿಮ್ಮ ಕೈಯಲ್ಲಿತ್ತು. ನಿನ್ನೆ ಫೋನಿನಲ್ಲಿದ್ದ ಅದೇ ಪಟವನ್ನು ದೊಡ್ಡದು ಮಾಡಿ ನೋಡಿದೆ. ಮಸುಕಾಗಿದೆ, ಆದರೂ ಕತ್ತಿನ ಒಂದು ಕಡೆ ಕೆಂಪು ಕಾಣುತ್ತದೆ. ನಾಲ್ಕು ಫರ್ಲಾಂಗು ದೂರದ ಹಕ್ಕಿಯನ್ನು ಹಾರುವ ರೀತಿಯಿಂದಲೇ ಹೇಳುತ್ತಿದ್ದ ನಿಮಗೆ ಅದು ಕಾಣಲಿಲ್ಲವೇ? ನೋಡಿದ್ದೇನೆ ಎಂದು ಬರೆದಿರಿ. ನೋಡಲೇ ಇಲ್ಲ ಎಂದು ನನಗೆ ಅನ್ನಿಸುತ್ತಿದೆ. ನನ್ನ ಪತ್ರಕ್ಕೆ ಉತ್ತರವನ್ನೂ ಬೇರೆ ಯಾರಿಂದಲೋ ಬರೆಸುತ್ತಿದ್ದೀರಿ. ಆ ದುಂಡಗಿನ ಅಕ್ಷರ ನಿಮ್ಮದಲ್ಲ.

ಕಾಲೇಜಿನ ಪ್ರವಾಸದಲ್ಲಿ ನಿಮ್ಮ ದುರ್ಬೀನನ್ನು ಎಲ್ಲರಿಗಿಂತ ಮೊದಲು ನನ್ನ ಕೈಗೆ ಕೊಟ್ಟಿದ್ದಿರಿ. ನನ್ನ ನಂತರ ಅದನ್ನು ಮುಟ್ಟಲು ಇಬ್ಬರು ಹಿಂಜರಿದರು. ನೀವು ಅವರಿಗೆ ಆ ದಿನವೆಲ್ಲ ಅದನ್ನು ಕೊಡಲಿಲ್ಲ. ಅದನ್ನು ನಾನು ಮರೆತಿಲ್ಲ. ಅದಕ್ಕೇ ಈಗ ಕೇಳುತ್ತಿದ್ದೇನೆ. ಮರೆಪ್ಪನ ಮಗಳಿಗೆ ಸ್ವಂತ ಕೈಯಿಂದ ಎರಡು ಸಾಲು ಬರೆಯುವುದೂ ನಿಮಗೆ ಬೇಡವಾಯಿತೇ?

ಇಸ್ಮಾಯಿಲ ಭಾಯಿಯ ಬಲೆಯನ್ನು ಇಲಿ ಕಡಿದಿವೆ. ಅಬೇದಾ ಅಂಗಳದಲ್ಲಿ ಕೂತು ಹೊಲಿಯುತ್ತಿದ್ದಳು. ನನ್ನನ್ನು ಕಂಡು ಒಳಗೆ ಹೋದಳು.

ಆಮ್ರಪಾಲಿ


ಜಲನಗರ
16 ಫೆಬ್ರುವರಿ 2025

ಆಮ್ರಪಾಲಿಗೆ ನಂದಾ ಮಾಡುವ ಆಶೀರ್ವಾದ.

ಆ ದುಂಡಗಿನ ಅಕ್ಷರ ನನ್ನದು. ನೋಡು, ಇದೂ ಅದೇ.

ನಿಮ್ಮ ಸರ್‌ಗೆ ಕಣ್ಣು ಕಾಣುವುದಿಲ್ಲ. ಎರಡು ವರ್ಷವಾಯಿತು. ಸಕ್ಕರೆ ಕಾಯಿಲೆ ಒಳಗೊಳಗೇ ಕಣ್ಣಿನ ಪರದೆಯನ್ನು ತಿಂದಿದೆ. ಅಂಚಿನಲ್ಲಿ ಒಂದಿಷ್ಟು ಬೆಳಕು ತಿಳಿಯುತ್ತದೆ, ಅಷ್ಟೇ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡರು. ಓಣಿಯಲ್ಲಿ ನನ್ನ ಭುಜ ಹಿಡಿದು ನಡೆಯುತ್ತಾರೆ, ಎದುರಾದವರಿಗೆ ಧ್ವನಿ ಗುರುತಿಸಿ ನಮಸ್ಕಾರ ಹೇಳುತ್ತಾರೆ. ಫೋನ್ ಮುಟ್ಟದೆ ಇರುವುದು, ಪತ್ರ ಬರಿ ಅನ್ನುವುದು, ಎಲ್ಲ ಅದಕ್ಕೇ. ಪತ್ರವಾದರೆ ನಾನು ಓದಬಹುದು, ಅವರು ಹೇಳಿದ್ದನ್ನು ನಾನು ಬರೆಯಬಹುದು, ಯಾರಿಗೂ ತಿಳಿಯುವುದಿಲ್ಲ.

ನಿನ್ನ ಮೊದಲ ಪತ್ರ ಬಂದ ದಿನ ಅವರು ಎರಡು ಸಲ ಓದಿಸಿಕೊಂಡರು. ಊಟಕ್ಕೆ ಕೂತಾಗಲೂ ಬಾತಿನದೇ ಮಾತು. ಎರಡು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ಅಂದೇ ಕೇಳಿದೆ.

ಆಮೇಲೆ ನಿನ್ನ ಪಟ ಬಂತು. "ನಂದಾ, ಬೆಳಕಿಗೆ ಹಿಡಿದು ನೋಡು. ತಲಿ ಕಪ್ಪ ಐತೋ, ಕೆಂಪ ಐತೋ?" ಎಂದು ಕೇಳಿದರು. ಕಪ್ಪಾದರೆ ದೊಡ್ಡ ಹಕ್ಕಿ, ಕೆಂಪಾದರೆ ಬರೀ ಸಾಮಾನ್ಯದ್ದು ಎಂದು ಅವರೇ ಮೊದಲು ಹೇಳಿಬಿಟ್ಟಿದ್ದರು. ನನಗೆ ಕೆಂಪು ಕಂಡಿತು. "ಕಪ್ಪ ಐತಿರಿ" ಅಂದೆ.

ನನಗೇನು ಗೊತ್ತು, ಒಂದು ಬಾತಿನ ತಲೆಯ ಬಣ್ಣಕ್ಕೆ ಯಾರದೋ ಮನೆಯ ಬಲೆ ಮಾಡಿಗೇರುತ್ತದೆ ಎಂದು.

ಜನವರಿ ಇಪ್ಪತ್ತಾರರ ಪತ್ರವನ್ನು ನಾನು ಅವರಿಗೆ ಓದಿಲ್ಲ. ಅಕ್ಕಿ ಡಬ್ಬಿಯ ಹಿಂದಿದೆ. ದಿನವೂ "ಆಮ್ರಪಾಲಿ ಬರದಿಲ್ಲೇನು" ಎಂದು ಕೇಳುತ್ತಾರೆ. ಇಲ್ಲ ಅನ್ನುತ್ತೇನೆ. ಈಗಿನದನ್ನೂ ಓದಿಲ್ಲ. ಅವರ ಮೇಲೆ ಸಿಟ್ಟಾಗಬೇಡ. ಅವರು ನಿನ್ನನ್ನು ಸಣ್ಣವಳೆಂದು ತಿಳಿದವರಲ್ಲ. ಏನು ಮಾಡಲಿ, ನೀನೇ ಹೇಳು.

ನಂದಾ


ಘೋಣಸಗಿ
20 ಫೆಬ್ರುವರಿ 2025

ನಂದಾ ಅಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಗ್ರಂಥಾಲಯದಲ್ಲಿ ಓದಿದೆ. "ನಿಮ್ಮ ಕಣ್ಣಿನಿಂದಲೇ ನೋಡಿ ಹೋಗಿ" ಎಂದು ನಾನು ಬರೆದಿದ್ದೆ. ನೀವು ಅದನ್ನು ಹೇಗೆ ಓದಿ ಹೇಳಿದಿರೋ.

ಹನ್ನೆರಡರ ಪತ್ರದಲ್ಲಿ ಕೊನೆಗೆ ಕೇಳಿದ ಮಾತನ್ನು ನಾನು ಹಿಂತೆಗೆದುಕೊಂಡಿದ್ದೇನೆ. ಆದರೆ ಅದನ್ನು ಬಿಟ್ಟು ಓದಬೇಡಿ. ಎರಡೂ ಪತ್ರಗಳನ್ನು ಇದ್ದದ್ದು ಇದ್ದ ಹಾಗೆ ಓದಿ. ಇನ್ನೇನು ಹೇಳಲಿ? ನಾನು ಇಸ್ಮಾಯಿಲ ಭಾಯಿಯ ಮಾತು ಮುಚ್ಚಿಟ್ಟೆ, ಸರ್ ಕಣ್ಣಿನ ಸಂಗತಿ ಮುಚ್ಚಿಟ್ಟರು, ನೀವು ಬಣ್ಣ ಮುಚ್ಚಿಟ್ಟಿರಿ. ಮೂವರೂ ಕೆಟ್ಟದ್ದಕ್ಕೆ ಮಾಡಲಿಲ್ಲ. ಆದರೆ ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋಗುತ್ತಿರುವವರು ಇಸ್ಮಾಯಿಲ ಭಾಯಿ.

ಆಮ್ರಪಾಲಿ


ಜಲನಗರ
26 ಫೆಬ್ರುವರಿ 2025

ಆಮ್ರಪಾಲಿ,

ಈ ಅಕ್ಷರ ನನ್ನದು. ರಟ್ಟಿನ ತುಂಡೊಂದನ್ನು ಸಾಲಿಗೆ ಹಿಡಿದು ಬರೆಯುತ್ತಿದ್ದೇನೆ. ಒಂದರ ಮೇಲೊಂದು ಹತ್ತಿದ್ದರೆ ಬಿಡಿಸಿ ಓದು.

ನಂದಾ ಶನಿವಾರ ಎಲ್ಲ ಓದಿದಳು. ನಾನು ಅವಳಿಗೆ ಆಡಬಾರದ ಮಾತಾಡಿದೆ. ಒಂದು ದಿನ ಅವಳ ಕೈಯ ಊಟ ಮಾಡಲಿಲ್ಲ. ಮರುದಿನ ಅವಳೇ ಬಂದು ಎದುರಿಗೆ ಕೂತು ಹೇಳಿದಳು: "ನೀವು ನನ್ನ ಎರಡು ವರ್ಷ ಸುಳ್ಳು ಹೇಳಾಕ ಹಚ್ಚೀರಿ. ನೆರೆಮನಿಯವರಿಗೆ, ನಿಮ್ಮ ಶಿಷ್ಯರಿಗೆ, ನನ್ನ ತವರಿನವರಿಗೆ. ನಾ ಒಂದ ನಿಮಗ ಹೇಳಿದ್ದಕ್ಕ ಇಷ್ಟ ಸಿಟ್ಟೇನು?" ಆ ಹೊತ್ತು ಅವಳು ಬಡಿಸಿದ್ದನ್ನು ಉಂಡೆ.

ಪಟವನ್ನು ಮತ್ತೆ ನೋಡಿ ಹೇಳು ಎಂದೆ. ಈ ಸಲ ಏನು ಬೇಕೆಂದು ಮೊದಲೇ ಹೇಳಲಿಲ್ಲ. ಕಿಟಕಿಗೆ ಹೋಗಿ ಬಹಳ ಹೊತ್ತು ನೋಡಿದಳು. "ಹುಣಸಿಹಣ್ಣು ಹಚ್ಚಿ ಬೆಳಗೂಕ್ಕಿಂತ ಮೊದಲ ತಾಮ್ರದ ಕೊಡ ಇರತೈತಲ್ಲ, ಆ ಬಣ್ಣ" ಅಂದಳು. ಮೂವತ್ತೈದು ವರ್ಷ ಪಾಠ ಹೇಳಿದ ನನಗೆ ಫೆರುಜಿನಸ್ ಗಂಡಿನ ತಲೆಯ ಬಣ್ಣಕ್ಕೆ ಇಷ್ಟು ಸರಿಯಾದ ಮಾತು ಸಿಕ್ಕಿರಲಿಲ್ಲ.

ನೀನು ಹೇಳಿದ್ದು ಸರಿ. ಅದು ಫೆರುಜಿನಸ್. ಮಗ್ಗುಲಿಗೆ ಉರುಳಿ ಹೊಟ್ಟೆ ತಿದ್ದಿಕೊಳ್ಳುವುದು ಮುಳುಗುಬಾತುಗಳ ದಿನನಿತ್ಯದ ಅಭ್ಯಾಸ. ಸೂರ್ಯ ಯಾವ ಕಡೆಗಿದ್ದ, ಹಕ್ಕಿ ಏನು ಮಾಡುತ್ತಿತ್ತು ಎಂದು ಕೇಳಬೇಕಾದವನು ನಾನು. ಕೇಳಲಿಲ್ಲ. ಆ ಹಕ್ಕಿ ನನಗೆ ಬೇಕಾಗಿತ್ತು.

ಪತ್ರಿಕೆಗೆ ತಿದ್ದುಪಡಿ ಕಳಿಸಿದ್ದೇನೆ. ಎರಡು ಸಾಲು ಬರೆದುಕೊಡಿ ಎಂದು ನೀನು ಕೇಳಿದ್ದೆ, ಅದು ಸಾಲದು. ಮಾರ್ಚ್ ಒಂಬತ್ತರ ಭಾನುವಾರ ಹಿರಿಯರನ್ನು ಚಾವಡಿಗೆ ಕರೆ. ಇಸ್ಮಾಯಿಲ ಅವರನ್ನೂ ಕರೆ. ನಂದಾಳ ಭುಜ ಹಿಡಿದು ಬರುತ್ತೇನೆ. ಊರವರು ನೋಡಲಿ.

ಅರುಣಕುಮಾರ


ಜಲನಗರ
12 ಮಾರ್ಚ್ 2025

ಚಿ. ಆಮ್ರಪಾಲಿ,

ಇದನ್ನು ನಾನು ಹೇಳುತ್ತಿದ್ದೇನೆ, ನಂದಾ ಬರೆಯುತ್ತಿದ್ದಾಳೆ. ಇನ್ನು ಮುಂದೆ ಹಾಗೆಯೇ.

ಚಾವಡಿಯಿಂದ ಹೊರಟ ಮೇಲೆ ಇಸ್ಮಾಯಿಲ ನನ್ನ ಕೈ ಹಿಡಿದು, "ಬರ್ರಿ ಸರ್, ಹರಿಗೋಲಿನ್ಯಾಗ ಒಂದ ಸುತ್ತ ಹಾಕೋಣ. ಎರಡು ತಿಂಗಳಾತು ನಾನೂ ನೀರಿಗೆ ಇಳಿದಿಲ್ಲ" ಅಂದರಲ್ಲ, ನೀನು ಏರಿಯ ಮೇಲೆಯೇ ಉಳಿದೆ. ಅಲ್ಲಿ ಏನಾಯಿತೆಂದು ನಿನಗೆ ತಿಳಿಯದು.

ಇಸ್ಮಾಯಿಲ ಹುಟ್ಟು ಹಾಕುತ್ತ ನಡುನೀರಿಗೆ ಒಯ್ದರು. ಬೈದರೆ ಬೈಸಿಕೊಳ್ಳೋಣ ಎಂದು ಕೂತಿದ್ದೆ. ಹುಟ್ಟು ನಿಲ್ಲಿಸಿ, "ಸರ್, ಕೇಳ್ರಿ ಈಗ" ಅಂದರು. ಬಾತುಗಳು ಎದ್ದವು. ಈ ಬಾತುಗಳಿಗೆ ಕೂತಲ್ಲಿಂದ ನೇರ ಹಾರಲು ಬರುವುದಿಲ್ಲ, ನೀರಿನ ಮೇಲೆ ಓಡಿ ಓಡಿ ಏಳುತ್ತವೆ ಎಂದು ನಿಮಗೆ ಪಾಠದಲ್ಲಿ ಹೇಳಿದ್ದೆ. ದುರ್ಬೀನಿನಲ್ಲಿ ನೂರಾರು ಸಲ ನೋಡಿದ್ದೆ. ಅದರ ಸದ್ದು ಕೇಳಿರಲಿಲ್ಲ, ಯಾವಾಗಲೂ ದೂರ ನಿಂತವನು. ಒದ್ದೆ ಕಾಲಿನ ಮಕ್ಕಳು ಫರಸಿಕಲ್ಲಿನ ಮೇಲೆ ಓಡಿದಂತಿತ್ತು. ಆಮೇಲೆ ರೆಕ್ಕೆಯ ಸಿಳ್ಳೆ ತಲೆಯ ಮೇಲೆ ಹಾದುಹೋಯಿತು. ಎಷ್ಟಿವೆ ಎಂದೆ. ನನ್ನ ಪಕ್ಕದಲ್ಲಿ ಕೂತಿದ್ದ ನಂದಾ ಎಣಿಸಿ ಇಪ್ಪತ್ತಮೂರು ಅಂದಳು. ಡಿಸೆಂಬರಿನಲ್ಲಿ ನೀನು ಏಳು ಎಂದು ಬರೆದಿದ್ದೆ, ಆಮೇಲೆ ಇನ್ನಷ್ಟು ಬಂದು ಸೇರಿವೆ.

ನಾನು ಅತ್ತೆನೆಂದು ಇಸ್ಮಾಯಿಲ ಯಾರಿಗಾದರೂ ಹೇಳಿದ್ದರೆ ಅದು ನಿಜ.

ಒಂದು ಮಾತು ಕೇಳಬೇಕು. ಚಾವಡಿಯಲ್ಲಿ ನಾನು ತಪ್ಪು ಒಪ್ಪಿಕೊಂಡಾಗ ಜನರ ಮುಖ ನನಗೆ ಕಾಣಲಿಲ್ಲ. ನಂದಾಳನ್ನು ಕೇಳಿದರೆ ತಲೆ ತಗ್ಗಿಸಿದ್ದೆ ಅನ್ನುತ್ತಾಳೆ. ನಿನಗೆ ಕಂಡದ್ದನ್ನು ಬರೆ. ಮೃದು ಮಾಡಬೇಡ.

ಅರುಣಕುಮಾರ


ಘೋಣಸಗಿ
18 ಮಾರ್ಚ್ 2025

ಪೂಜ್ಯ ಗುರುಗಳಿಗೂ ನಂದಾ ಅಮ್ಮನವರಿಗೂ ನಮಸ್ಕಾರಗಳು.

ಕೇಳಿದ್ದೀರಿ, ಬರೆಯುತ್ತೇನೆ.

ನೀವು "ಅದು ದೊಡ್ಡ ಹಕ್ಕಿಯಲ್ಲ, ನಾನು ತಪ್ಪು ಹೇಳಿದೆ" ಎಂದಾಗ ಹಿಂದಿನ ಸಾಲಿನ ನಾಲ್ಕೈದು ಜನ ನಕ್ಕರು. ಒಬ್ಬ "ಕುರುಡ ಹಕ್ಕಿ ತೋರಿಸ್ಯಾನ" ಅಂದ. ಬಸಗೊಂಡಪ್ಪ ಗೌಡರ ಮುಖ ಕೆಂಪಾಯಿತು. ಬಲೆ ನಿಲ್ಲಿಸಿದ ಸುದ್ದಿಯೊಡನೆ ಪೇಪರಿನಲ್ಲಿ ಅವರ ಪಟವೂ ಬಂದಿತ್ತು. ನೀವು ಕಣ್ಣಿನ ಸಂಗತಿ ಹೇಳಿದ ಮೇಲೆ ನಗು ನಿಂತಿತು. ಗೌಡರು ಮೊದಲು ನಿಮ್ಮನ್ನು, ಆಮೇಲೆ ನಿಮ್ಮ ಕೈ ಇದ್ದ ಅಮ್ಮನವರ ಭುಜವನ್ನು ನೋಡಿದರು, ಆಮೇಲೆ ಕಿಟಕಿಯ ಕಡೆ ತಿರುಗಿದರು. ಇಸ್ಮಾಯಿಲ ಭಾಯಿ ಗೋಡೆಗೆ ಒರಗಿ ನಿಂತಿದ್ದರು. ನೀವು "ಇಸ್ಮಾಯಿಲ ಅವರೇ, ನಿಮ್ಮ ಕೆಲಸ ನಿಲ್ಲಿಸಿದ್ದು ನನ್ನ ಮಾತು" ಎಂದು ಕೈಮುಗಿದಿರಿ. ನೀವು ಮುಗಿದ ಕೈ ಅವರಿಂದ ಸ್ವಲ್ಪ ಎಡಕ್ಕಿತ್ತು. ಅವರು ಸದ್ದಿಲ್ಲದೆ ಸರಿದು ನಿಮ್ಮ ಎದುರಿಗೆ ಬಂದು ನಿಂತರು. ಅದನ್ನು ನಾನು ಮಾತ್ರ ನೋಡಿದೆನೇನೋ.

ನನ್ನ ಮುಖ ಹೇಗಿತ್ತೋ ಕಾಣೆ. ನೀವು ಎಲ್ಲವನ್ನೂ ನಿಮ್ಮ ಮೇಲೆ ಹಾಕಿಕೊಂಡಿರಿ. ನನ್ನ ಹೆಸರು ಎತ್ತಲಿಲ್ಲ, ಅಮ್ಮನವರದ್ದೂ ಎತ್ತಲಿಲ್ಲ. ನಾನು ಸುಮ್ಮನೆ ಕೂತಿದ್ದೆ. ನೀವು ಬಸ್ಸು ಹತ್ತಿದ ಮೇಲೆ ಮನೆಗೆ ಬಂದೆ. ಅಪ್ಪನಿಗೆ ಹೇಳಿದೆ. ಅಪ್ಪ, "ಕುರ್ಚಿ ಕೊಟ್ಟಾಗ ಎಲ್ಲಾರ ಮುಂದ ಕುಂತಿದ್ದಿ ಯವ್ವಾ, ಈಗೂ ಎಲ್ಲಾರ ಮುಂದ ಹೇಳು" ಅಂದರು.

ಮರುದಿನ ಬೆಳಿಗ್ಗೆ ಚಾವಡಿಗೆ ಹೋದೆ. ನಿಂತುಕೊಂಡೇ ಹೇಳಿದೆ. ಬಿಳಿ ಪಕ್ಕೆ ಎಂದು ಬರೆದವಳು ನಾನು, ಇಸ್ಮಾಯಿಲ ಭಾಯಿ ಮೊದಲ ದಿನವೇ ಸರಿಯಾಗಿ ಹೇಳಿದ್ದರು, ಆ ಮಾತನ್ನು ನಾನು ಮುಚ್ಚಿಟ್ಟೆ ಎಂದು. ಗೌಡರು ಚಹಾ ತರಿಸಿದರು. ಕುಡಿದು ಬಂದೆ. ಗ್ರಂಥಾಲಯಕ್ಕೆ ಬರುವ ಕೆಲವರು ಈಗ ನನ್ನನ್ನು "ಬಾತಿನಕ್ಕ" ಅನ್ನುತ್ತಾರೆ. ಅನ್ನಲಿ.

ಶುಕ್ರವಾರದಿಂದ ಬಲೆ ನೀರಿಗೆ ಬಿದ್ದಿದೆ. ಎರಡು ತಿಂಗಳು ಹಿಡಿಯದೆ ಬಿಟ್ಟ ದೊಡ್ಡ ಮೀನುಗಳಲ್ಲಿ ಒಂದಿಷ್ಟು ಸತ್ತು ದಡಕ್ಕೆ ಬಂದವು, ಆ ನಷ್ಟ ಹಾಗೆಯೇ ಉಳಿಯಿತು. ಅಬೇದಾ ತಿಕೋಟಾ ಸಂತೆಯಲ್ಲಿ ಹಳೆಯ ಜಾಗ ಸಿಗದೆ ಬೇರೆ ಮೂಲೆಯಲ್ಲಿ ಕೂರುತ್ತಿದ್ದಾಳೆ. ನಾನು ಹೋಗಿ ಮಾತಾಡಿಸಿದೆ. ಮೊದಲು ಬರೀ ಮೀನು ತೂಗಿ ಕೊಟ್ಟಳು. ಸಂತೆ ಏಳುವ ಹೊತ್ತಿಗೆ ಮತ್ತೆ ಹೋದಾಗ, "ಆ ದಿನ ಕೆರಿ ದಂಡಿಗೆ ನನ್ನ ಮಾತಾಡಿಸಿದ್ರು, ನಿಮ್ಮ ಸರ್ ಅವರ ಹೆಂಡತಿ ಬಾಳ ಚಲೋ ಇದ್ದಾರ" ಅಂದಳು. ಅಷ್ಟೇ ಸಾಕಾಯಿತು ನನಗೆ. ಜೊಂಡು ಬೆಳೆದಿರುವ ಮೂಡಣ ಮೂಲೆಗೆ ಬಲೆ ಹಾಕುವುದಿಲ್ಲ ಎಂದು ಇಸ್ಮಾಯಿಲ ಭಾಯಿ ತಾವಾಗಿಯೇ ಹೇಳಿದ್ದಾರೆ. ಬಾತುಗಳು ಈಗ ಅಲ್ಲಿವೆ. ಬಿಸಿಲು ಏರಿದೆ, ಇನ್ನೆಷ್ಟು ದಿನ ಇರುತ್ತವೋ.

ಕಾಲೇಜಿನಲ್ಲಿ ನೀವು ನಮ್ಮಿಂದ ತುಂಬಿಸುತ್ತಿದ್ದಂಥ ಚಳಿಗಾಲದ ಹಕ್ಕಿ ಎಣಿಕೆಯ ಹಾಳೆಯನ್ನು ತುಂಬಿ ಈ ಪತ್ರದೊಂದಿಗೆ ಇಟ್ಟಿದ್ದೇನೆ. ಫೆರುಜಿನಸ್ ಪೋಚಾರ್ಡ್, ಇಪ್ಪತ್ತಮೂರು, ಎಣಿಸಿದವರು ನಂದಾ. ಮೊದಲು ಕಂಡ ದಿನ ಡಿಸೆಂಬರ್ ಒಂದು. ಗುರುತಿಸಿದವರು ಎಂಬಲ್ಲಿ ಇಸ್ಮಾಯಿಲ ಭಾಯಿಯ ಹೆಸರು ಬರೆದು, ಅವರಿಗೆ ತೋರಿಸಲು ದಡಕ್ಕೆ ಹೋದೆ. ಒದ್ದೆ ಕೈ ಲುಂಗಿಗೆ ಒರೆಸಿಕೊಂಡು, ಹಾಳೆಯನ್ನು ಅಂಚಿನಲ್ಲಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಹೆಸರಿನ ಮುಂದ ಮೀನ ಹಿಡಿಯಾಂವ ಅಂತ ಬರಿ ತಂಗಿ" ಅಂದರು. "ಊರಾಗ ಇನ್ನೂ ಇಬ್ಬರು ಇಸ್ಮಾಯಿಲ ಅದಾರ. ಅವರಿಗೇನು ಗೊತ್ತು ಬಾತು?"

ಬರೆದಿದ್ದೇನೆ.

ಆಮ್ರಪಾಲಿ